ಠಕ್ಕನೂ ಪ್ರೇತವೂ: ಕೆರಿಬಿಯನ್ ಮತ್ತು ಮಧ್ಯ ಅಮೆರಿಕದ ಜನಪದ ಕಥೆಗಳನ್ನು ಕುರಿತು ಒಂದು ವಿವೇಚನೆ

೧

ಕೆರಿಬಿಯನ್ ದ್ವೀಪಗಳ ಹಾಗೂ ಮಧ್ಯ ಅಮೆರಿಕದ ಜನಪದ ಕಥೆಗಳು ವಿದ್ವತ್ಪ್ರಪಂಚದ ಗಮನಕ್ಕೆ ಬಂದುದು ಬಹುಮಟ್ಟಿಗೆ ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ. ಜಮೈಕದ ಹಾಡುಗಳನ್ನೂ ಕಥೆಗಳನ್ನೂ ವಾಲ್ಟರ್ ಜೆಕಿಲ್ ಅವರು ೧೯೦೭ರಲ್ಲಿ ಪ್ರಕಟಿಸಿದರು. ಅದೇ ದ್ವೀಪದ ಅನಾನ್ಸಿ ಕಥೆಗಳ ದೊಡ್ಡ ಸಂಗ್ರಹವೊಂದನ್ನು ಮಾರ್ಥಾ ಬೆಕ್‌ವಿತ್ ಅವರು ೧೯೨೪ರಲ್ಲಿ ಹೊರತಂದರು. ಎಲ್ಸಿ ಕ್ಲ್ಯೂಸ್ ಪಾರ್ಸನ್ಸ್ ಅವರ ಆಂಟಿಲೀಸ್ ಕಥಾಸಂಗ್ರಹ ೧೯೩೩ರಿಂದ ೧೯೪೩ರವರೆಗೆ ಮೂರು ಸಂಪುಟಗಳಲ್ಲಿ ಬೆಳಕು ಕಂಡಿತು. ಹರ್ಸ್ಕೊವಿಟ್ಸ್ ದಂಪತಿಗಳು ಸೂರಿನಾಮಿನ ಜಾನಪದವನ್ನು ೧೯೩೬ರಲ್ಲಿ ಅಚ್ಚುಹಾಕಿಸಿದರು. ಮಧ್ಯ ಅಮೆರಿಕದ ಕಡೆಗೆ ಬಂದರೆ, ಕೋಸ್ಟರಿಕದ ಕಾರ್ಮೆನ್ ಲೀರಾ ಅವರು ಪಾಂಚಿತಾ ಅತ್ತೆ ಹೇಳಿದ ಕಥೆಗಳೆಂಬ ಹೆಸರಿನಲ್ಲಿ ತಮ್ಮ ನಾಡಿನ ಕಥೆಗಳನ್ನು ೧೯೨೦ರಲ್ಲಿ ಬರೆದರು. ಗ್ವಾಟೆಮಾಲದ ಮಿಗೆಲ್ ಆಂಖೆಲ್ ಆಸ್ತೂರಿಯಾಸ್ ಅವರು ತಮ್ಮ ನಾಡಿನ ಐತಿಹ್ಯಗಳನ್ನು ೧೯೩೦ರಲ್ಲಿ ಪುಸ್ತಕರೂಪಕ್ಕೆ ತಂದರು.

ಈ ಸಂಗ್ರಹಗಳನ್ನು ಆಧರಿಸಿ ಬೆಳೆದ ವಿಮರ್ಶೆ ಕಥೆಗಳನ್ನು ಎರಡು ರಾಶಿಗಳಾಗಿ ವಿಂಗಡಿಸಿದೆ. ಒಂದು ರಾಶಿಯಲ್ಲಿರುವುದು ಠಕ್ಕನ ಕಥೆಗಳು: ಜೇಡ ಅನಾನ್ಸಿ, ಮಧ್ಯ ಅಮೆರಿಕದ ಮೊಲಮಾವ, ಹೈಟಿಯ ತಿ ಮಾಲಿಸ್, ಕ್ಯೂಬದ ಆಮೆ ಹಿಕೋತೆಯ. ಇನ್ನೊಂದು ರಾಶಿಯಲ್ಲಿರುವುದು ಭೂತಪ್ರೇತಗಳ ಕಥೆಗಳು: ಟ್ರಿನಿಡಾಡಿನ ದುಎನ್ ಮತ್ತು ಸೂಕುಯಾನ್, ಎಲ್ ಸಾಲ್ವಡಾರಿನ ಸಿಗ್ವಾನಾಬಾ, ಗ್ವಾಟೆಮಾಲದ ಕಾದೆಹೊ, ನದೀತೀರಗಳಲ್ಲಿ ಅಳುತ್ತ ಅಲೆಯುವ ಯೊರೊನಾ. ಮೊದಲನೆಯ ರಾಶಿಗೆ ಗೌರವದ ಸ್ಥಾನ ದೊರೆತಿದೆ. ಅದು ದಾಸ್ಯದ ವಿರುದ್ಧ ಬುದ್ಧಿಯು ನಡೆಸಿದ ಹೋರಾಟದ ಸಾಕ್ಷ್ಯವೆಂದು ಪರಿಗಣಿತವಾಗಿದೆ. ಎರಡನೆಯದನ್ನು ಮೂಢನಂಬಿಕೆಯ ಉಳಿಕೆಯೆಂದು ಮಾನವಶಾಸ್ತ್ರಕ್ಕೆ ಬಿಟ್ಟುಕೊಟ್ಟದ್ದೇ ಹೆಚ್ಚು. ಈ ವಿಂಗಡಣೆ ಅನುಕೂಲವಾದದ್ದು. ಆದರೆ ಯುಕ್ತವಾದದ್ದೇ ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ.

ಪ್ರಶ್ನೆ ಹುಟ್ಟಲು ಕಾರಣವಿದೆ. ಜಮೈಕದಲ್ಲಿ ಸಾವು ಸಂಭವಿಸಿದ ಮನೆಯಲ್ಲಿ ಜಾಗರಣೆ ಮಾಡುವ ಸಂಪ್ರದಾಯವುಂಟು. ಸತ್ತವನ ಪ್ರೇತ, ಆ ನಾಡಿನ ಮಾತಿನಲ್ಲಿ ‘ಡಪ್ಪಿ’, ಒಂಬತ್ತನೆಯ ರಾತ್ರಿ ಮನೆಯನ್ನು ಬಿಟ್ಟುಹೋಗಬೇಕು. ಅದನ್ನು ಕಳುಹಿಸಿಕೊಡಲು ನೆರೆದ ಜನ ಹಾಡುತ್ತಾರೆ, ಒಗಟು ಹೇಳುತ್ತಾರೆ, ಆಟವಾಡುತ್ತಾರೆ. ಅದರೊಂದಿಗೆ ಅನಾನ್ಸಿಯ ಕಥೆಗಳನ್ನೂ ಹೇಳುತ್ತಾರೆ. ಸೂರಿನಾಮಿನಲ್ಲಿಯೂ ಜೇಡನ ಕಥೆಗಳಿಗೆ ಸಾವಿನ ಮನೆಯ ಜಾಗರಣೆಯೇ ಮುಖ್ಯ ಸಂದರ್ಭ. ಹಗಲಿನಲ್ಲಿ ಅವನ್ನು ಹೇಳಬಾರದೆಂಬ ನಿಷೇಧವೂ ಇದೆ. ಎಂದಮೇಲೆ ನಗಿಸುವ ಠಕ್ಕನೂ ಹೆದರಿಸುವ ಪ್ರೇತವೂ ಒಂದೇ ಅಂಗಳದಲ್ಲಿ, ಒಂದೇ ರಾತ್ರಿ, ಒಂದೇ ಶ್ರೋತೃವರ್ಗದ ಮುಂದೆ ಇದ್ದುವು ಎಂದಾಯಿತು. ಅವನ್ನು ಬೇರ್ಪಡಿಸಿದುದು ನಮ್ಮ ಪುಸ್ತಕಗಳು. ಇವೆರಡು ಬಗೆಯ ಕಥೆಗಳು ಪರಸ್ಪರ ಮಿತಿಯನ್ನು ತೋರಿಸುತ್ತವೆ, ಒಂದನ್ನು ಬಿಟ್ಟು ಇನ್ನೊಂದನ್ನು ಓದಿದರೆ ಎರಡೂ ವಿಕಾರಗೊಳ್ಳುತ್ತವೆ ಎಂಬುದು ನಮ್ಮ ಅಭಿಪ್ರಾಯ.

೨

ಮೊದಲು ಅನಾನ್ಸಿಯನ್ನು ಹಿಡಿಯೋಣ. ಅವನ ಮೂಲಸ್ಥಾನ ಪಶ್ಚಿಮ ಆಫ್ರಿಕದ ಅಕಾನ್ ಜನರ ನಾಡು, ಇಂದಿನ ಘಾನಾ. ಅಲ್ಲಿಯ ಅಸಾಂಟೆ ಜನರ ಕಥೆಗಳನ್ನು ರಾಟ್ರೆ ಅವರು ೧೯೩೦ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಪ್ರಸಿದ್ಧವಾದುದು ಅನಾನ್ಸಿ ಕಥೆಗಳನ್ನು ಕೊಂಡುತಂದ ವೃತ್ತಾಂತ. ಲೋಕದ ಕಥೆಗಳೆಲ್ಲ ಆಕಾಶದೇವನಾದ ನ್ಯಾಮೆಯ ವಶದಲ್ಲಿದ್ದವು. ಅವುಗಳ ಬೆಲೆಯಾಗಿ ದೇವನು ಹೆಬ್ಬಾವು, ಚಿರತೆ, ಕಣಜಗಳ ಹಿಂಡು, ಮೊಆಟಿಯಾ ಎಂಬ ಕಾಡಿನ ಕುಳ್ಳಭೂತ ಇವನ್ನು ಕೇಳಿದನು. ಮಹಾಪಟ್ಟಣಗಳು ಕೊಳ್ಳಲಾರದೆ ಹೋದುದನ್ನು ಜೇಡ ಕೊಂಡಿತು. ಹೆಂಡತಿ ಆಸೋ ಉಪಾಯ ಹೇಳಿಕೊಟ್ಟಳು. ಅನಾನ್ಸಿ ಒಂದೊಂದಾಗಿ ಎಲ್ಲವನ್ನೂ ಹಿಡಿದು ತಂದನು. ದೇವನು ಮಾತಿಗೆ ತಪ್ಪದೆ ಕಥೆಗಳನ್ನು ಒಪ್ಪಿಸಿದನು.

ಗುಲಾಮರ ವ್ಯಾಪಾರದ ಕಾಲದಲ್ಲಿ ಸುಮಾರು ಹತ್ತು ಲಕ್ಷ ಆಫ್ರಿಕನ್ನರನ್ನು ಜಮೈಕದ ದಡದಲ್ಲಿ ಇಳಿಸಲಾಯಿತು. ಅವರೊಂದಿಗೆ ಈ ಕಥೆಯೂ ಕಡಲನ್ನು ದಾಟಿತು; ದಾಟುವಾಗ ಒಂದು ಮಾರ್ಪಾಟನ್ನು ಹೊಂದಿತು. ಫಿಲಿಪ್ ಶೆರ್ಲಾಕ್ ಅವರು ೧೯೫೪ರಲ್ಲಿ ಪ್ರಕಟಿಸಿದ ಜಮೈಕದ ಪಾಠದಲ್ಲಿ ಆಕಾಶದೇವನಿಲ್ಲ. ಕಥೆಗಳಿಗೆ ಒಡೆಯನಾಗಿ ಕುಳಿತಿರುವವನು ಹುಲಿ. ಜಮೈಕದ ಕಾಡಿನಲ್ಲಿ ಹುಲಿಯೂ ಇಲ್ಲ, ಚಿರತೆಯೂ ಇಲ್ಲ ಎಂಬುದನ್ನು ನೆನೆದರೆ ಈ ಬದಲಾವಣೆಯ ಅರ್ಥ ಸ್ಪಷ್ಟವಾಗುತ್ತದೆ. ಅಸಾಂಟೆ ಕಥೆಯಲ್ಲಿ ಠಕ್ಕನು ವ್ಯವಹರಿಸುವುದು ನುಡಿಗೆ ನಿಲ್ಲುವ ದೇವರೊಂದಿಗೆ. ಕಬ್ಬಿನ ತೋಟದ ನಾಡಿನಲ್ಲಿ ಅವನು ವ್ಯವಹರಿಸಬೇಕಾದುದು ಬಲವೊಂದನ್ನೇ ಬಲ್ಲ ಮೃಗದೊಂದಿಗೆ. ಹುಲಿಯು ತನ್ನ ತಂದೆಯ ಸವಾರಿಯ ಕುದುರೆಯೆಂದು ಅನಾನ್ಸಿ ಊರೆಲ್ಲ ಹೇಳಿಕೊಂಡು, ಅದನ್ನು ಸುಳ್ಳೆಂದು ಸಾಧಿಸಲು ಬಂದ ಹುಲಿಯ ಬೆನ್ನಿಗೇ ಜೀನು ಹಾಕಿ ಏರುವ ಕಥೆಯನ್ನು ಕೇಳಿ ನಕ್ಕ ಜನರಿಗೆ ಆ ಹುಲಿ ಯಾರೆಂಬುದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಎಮಿಲಿ ಜೋಬೆಲ್ ಮಾರ್ಷಲ್ ಅವರು ೨೦೧೨ರ ತಮ್ಮ ಗ್ರಂಥದಲ್ಲಿ ಅನಾನ್ಸಿಯ ಪಯಣವನ್ನು ಸಾಂಸ್ಕೃತಿಕ ಪ್ರತಿರೋಧದ ಚರಿತ್ರೆಯಾಗಿ ನಿರೂಪಿಸಿರುವುದು ಈ ದೃಷ್ಟಿಯಿಂದ ಸಾಧುವಾಗಿಯೇ ಇದೆ.

೩

ಆದರೆ ಇದು ಅರ್ಧ ಸತ್ಯ. ಠಕ್ಕನು ದುರ್ಬಲರ ಬಂಧುವೆಂದು ನಂಬಿ ಹೊರಟವನಿಗೆ ಕಥೆಗಳೇ ಅಡ್ಡಬರುತ್ತವೆ. ಕಾರ್ಮೆನ್ ಲೀರಾ ಅವರ ಸಂಗ್ರಹದಲ್ಲಿ ಮೊಲಮಾವನು ವ್ಯಾಪಾರಿಯಾಗುವ ಕಥೆಯನ್ನು ನೋಡಬಹುದು. ಅವನು ತನ್ನ ಜೋಳದ ಬೆಳೆಯನ್ನು ಜಿರಲೆ, ಕೋಳಿ, ನರಿ, ಕಯೋಟಿ ಎಂಬ ಅಲ್ಲಿಯ ಕಾಡುತೋಳ, ಬೇಟೆಗಾರ ಈ ಐವರಿಗೂ ಬೇರೆಬೇರೆಯಾಗಿ ಮಾರುತ್ತಾನೆ. ಒಬ್ಬೊಬ್ಬರೂ ಬಂದಾಗ ಹಿಂದೆ ಬಂದವರನ್ನು ಅಡಗಿಸಿ ಕೂರಿಸಿ, ಬಳಿಕ ಅವರ ಅಡಗುದಾಣವನ್ನು ಹೊಸಬರಿಗೆ ತೋರಿಸುತ್ತಾನೆ. ಜಿರಲೆಯನ್ನು ಕೋಳಿ ತಿನ್ನುತ್ತದೆ, ಕೋಳಿಯನ್ನು ನರಿ, ನರಿಯನ್ನು ಕಯೋಟಿ. ಕಯೋಟಿಯನ್ನು ಬೇಟೆಗಾರ ಕೊಲ್ಲುತ್ತಾನೆ. ಹಣವೆಲ್ಲ ಮೊಲಮಾವನಲ್ಲಿ ಉಳಿಯುತ್ತದೆ. ಇಲ್ಲಿ ಮೊದಲು ಸಾಯುವುದು ಎಲ್ಲರಿಗಿಂತ ಅಲ್ಪವಾದ ಜೀವಿ. ಬಲಿಷ್ಠರು ದುರ್ಬಲರನ್ನು ನುಂಗುವ ಲೋಕಕ್ರಮವನ್ನು ಮೊಲಮಾವ ಮುರಿಯುವುದಿಲ್ಲ; ಅದನ್ನು ಬಲ್ಲವನಾಗಿ ಅದರಿಂದ ಲಾಭ ಪಡೆಯುತ್ತಾನೆ.

ಕಥೆಯ ಪರಂಪರೆ ಇದನ್ನು ಅರಿಯದೆ ಇದೆಯೆ? ಹಾಗೆನ್ನಲಾಗದು. ಅದೇ ಸಂಗ್ರಹದಲ್ಲಿ ಮೊಲಮಾವನ ಕಿವಿ ಉದ್ದವಾದುದಕ್ಕೆ ಕಾರಣ ಹೇಳುವ ಕಥೆಯೊಂದಿದೆ. ತನ್ನ ದೇಹ ಚಿಕ್ಕದೆಂದು ಮೊಲ ದೇವರಲ್ಲಿ ದೂರಿ, ದೊಡ್ಡದಾಗಿ ಮಾಡೆಂದು ಬೇಡುತ್ತದೆ. ತನಗಿಂತ ದೊಡ್ಡ ಪ್ರಾಣಿಗಳನ್ನು ಕೊಂದು ಚರ್ಮ ತರುವಂತೆ ದೇವರು ವಿಧಿಸುತ್ತಾನೆ. ಮೊಲ ಎಲ್ಲವನ್ನೂ ತಂತ್ರದಿಂದ ಸಾಧಿಸಿ ತರುತ್ತದೆ. ಆದರೆ ಅದಕ್ಕೆ ದೊರೆಯುವುದು ದೊಡ್ಡ ದೇಹವಲ್ಲ, ಎಳೆದು ಉದ್ದಮಾಡಿದ ಕಿವಿ ಮಾತ್ರ. ಅಸಾಂಟೆ ಕಥೆಯ ಚೌಕಟ್ಟೇ ಇದು. ಫಲಿತಾಂಶ ಮಾತ್ರ ತಿರುಗಿದೆ. ಇಷ್ಟು ಬುದ್ಧಿಗೆ ಬಲವೂ ಸೇರಿದರೆ ಲೋಕದ ಗತಿಯೇನು ಎಂಬ ಶಂಕೆ ಈ ಮುಕ್ತಾಯದಲ್ಲಿ ಅಡಗಿದೆ ಎಂದರೆ ತಪ್ಪಾಗಲಾರದು. ಠಕ್ಕನು ಚಿಕ್ಕವನಾಗಿರುವವರೆಗೆ ಮಾತ್ರ ನಮ್ಮವನು. ಜಮೈಕದ ಕಥೆಗಾರನೂ ಅನಾನ್ಸಿಯ ಕಥೆಯನ್ನು ಮುಗಿಸುವಾಗ ಜಾಕ್ ಮಾಂಡೋರಾ ಎಂಬವನನ್ನು ಕರೆದು, ಇದರಲ್ಲಿ ಯಾವುದನ್ನೂ ತಾನು ಆರಿಸಿಕೊಂಡವನಲ್ಲವೆಂದು ಕೈತೊಳೆದುಕೊಳ್ಳುವ ರೂಢಿಯಿದೆ. ಆ ಮಾತು ಅಲಂಕಾರವಲ್ಲ. ಅನಾನ್ಸಿಯ ನಡತೆಯ ಹೊಣೆಯನ್ನು ಸಮಾಜ ಹೊರುವುದಿಲ್ಲವೆಂಬ ಘೋಷಣೆ.

ಇಲ್ಲಿ ಅಂಟಿನ ಬೊಂಬೆಯ ಆಶಯವನ್ನು ಪರಿಶೀಲಿಸುವುದು ಉಚಿತ. ನ್ಯಾಮೆ ಕೇಳಿದ ಮೊಆಟಿಯಾ ಭೂತವನ್ನು ಅನಾನ್ಸಿ ಹಿಡಿದುದು ಮರದ ಅಂಟನ್ನು ಬಳಿದ ಬೊಂಬೆಯಿಂದ. ಮಾತಿಗೆ ಮಾತು ಕೊಡದ ಬೊಂಬೆಯನ್ನು ಹೊಡೆದು ಭೂತ ಅಂಟಿಕೊಂಡಿತು. ಪಶ್ಚಿಮ ಆಫ್ರಿಕದಲ್ಲಿ ಪ್ರಚಲಿತವಾಗಿರುವ ಇನ್ನೊಂದು ಕಥೆಯಲ್ಲಿ ಅದೇ ಅನಾನ್ಸಿ ಬೆಳೆಯನ್ನು ಹೆಂಡತಿ ಮಕ್ಕಳಿಗೆ ಕೊಡದೆ ತಾನೊಬ್ಬನೇ ತಿನ್ನುವ ಆಸೆಯಿಂದ ಸತ್ತಂತೆ ನಟಿಸಿ ಹೊಲದಲ್ಲಿ ಹೂಳಿಸಿಕೊಳ್ಳುತ್ತಾನೆ. ರಾತ್ರಿ ಎದ್ದು ತಿನ್ನುತ್ತಾನೆ. ಕಳ್ಳನನ್ನು ಹಿಡಿಯಲು ಜನ ಹೊಲದಲ್ಲಿ ಅಂಟಿನ ಮನುಷ್ಯನನ್ನು ನಿಲ್ಲಿಸುತ್ತಾರೆ. ಅನಾನ್ಸಿ ಅದಕ್ಕೆ ಅಂಟಿಕೊಂಡು ಬೆಳಗಾಗುವಾಗ ಎಲ್ಲರ ಮುಂದೆ ನಾಚಿಕೆಗೀಡಾಗುತ್ತಾನೆ. ಒಂದು ಕಡೆ ಠಕ್ಕನು ಪ್ರೇತವನ್ನು ಹಿಡಿಯುವ ಸಾಧನ, ಇನ್ನೊಂದು ಕಡೆ ಪ್ರೇತದ ವೇಷ ಹಾಕಿದ ಠಕ್ಕನನ್ನು ಸಮಾಜ ಹಿಡಿಯುವ ಸಾಧನ.

ಈ ಆಶಯದ ಮೂಲ ಭಾರತವೆಂದು ಔರೇಲಿಯೊ ಎಸ್ಪಿನೋಸಾ ಅವರು ೧೯೩೦ರಲ್ಲಿ ವಾದಿಸಿದರು. ಪಂಚಾಯುಧ ಜಾತಕದಲ್ಲಿ ರಾಜಕುಮಾರನು ಅಂಟುರೋಮದ ಯಕ್ಷನೊಬ್ಬನನ್ನು ಕೈ, ಕಾಲು, ತಲೆಗಳಿಂದ ಹೊಡೆದು ಐದು ಕಡೆ ಅಂಟಿಕೊಳ್ಳುವುದು ಅವರ ವಾದಕ್ಕೆ ಆಧಾರ. ಆಫ್ರಿಕವೇ ಮೂಲವೆಂಬ ಪಕ್ಷವೂ ಪ್ರಬಲವಾಗಿದೆ. ಮೂಲ ಯಾವುದೇ ಇರಲಿ, ನಮಗೆ ಮುಖ್ಯವಾದುದು ಬೇರೆ. ಜಾತಕದಲ್ಲಿ ಅಂಟು ಯಕ್ಷನ ಮೈಯಲ್ಲೇ ಇದೆ; ಅಸಾಂಟೆ ಕಥೆಯಲ್ಲಿ ಅದು ಬೊಂಬೆಗೆ ವರ್ಗವಾಗಿ ಭೂತವನ್ನೇ ಬಂಧಿಸುತ್ತದೆ. ಈ ಆಶಯ ಎಲ್ಲಿ ಹೋದರೂ ಠಕ್ಕು ಮತ್ತು ಅಮಾನುಷ ಶಕ್ತಿಗಳ ಗಡಿಯಲ್ಲಿಯೇ ಕೆಲಸಮಾಡುತ್ತದೆ.

೪

ಇನ್ನು ಪ್ರೇತಗಳ ಕಡೆಗೆ ತಿರುಗೋಣ. ಟ್ರಿನಿಡಾಡಿನಲ್ಲಿ ದುಎನ್ ಎಂಬುದು ಕ್ರೈಸ್ತ ದೀಕ್ಷಾಸ್ನಾನವಾಗುವ ಮೊದಲೇ ಸತ್ತ ಮಗುವಿನ ಪ್ರೇತ. ಅದಕ್ಕೆ ಮುಖವಿಲ್ಲ, ತಲೆಯ ಮೇಲೆ ದೊಡ್ಡ ಹುಲ್ಲಿನ ಟೋಪಿ, ಪಾದಗಳು ಹಿಂದುಮುಂದು. ಅದು ಮಕ್ಕಳನ್ನು ಹೆಸರು ಹಿಡಿದು ಕರೆದು ಕಾಡಿಗೆ ಒಯ್ಯುತ್ತದೆ. ಆದುದರಿಂದ ಮುಸ್ಸಂಜೆಯಲ್ಲಿ ಬಯಲಿನಲ್ಲಿ ಮಕ್ಕಳ ಹೆಸರನ್ನು ಕೂಗಬಾರದು. ಅದೇ ನಾಡಿನ ಪಾಪಾ ಬ್ವಾ ಕಾಡಿನ ಒಡೆಯ. ಮಿತಿಮೀರಿ ಬೇಟೆಯಾಡುವವನನ್ನು ದಾರಿತಪ್ಪಿಸುತ್ತಾನೆ. ಲಾ ಜಾಬ್ಲೆಸ್ ಎಂಬ ಮೋಹಿನಿ ಉದ್ದನೆಯ ಲಂಗದಡಿ ಗೊರಸಿನ ಕಾಲನ್ನು ಮರೆಸಿಕೊಂಡು ಗಂಡಸರನ್ನು ಕಾಡಿನೊಳಕ್ಕೆ ಸೆಳೆಯುತ್ತಾಳೆ. ಎಲ್ ಸಾಲ್ವಡಾರಿನ ಸಿಗ್ವಾನಾಬಾ ಹಿಂದಿನಿಂದ ನೋಡಿದರೆ ನೀರಿನ ಬಳಿ ಕುಳಿತ ಸುಂದರಿ. ಬಳಿಗೆ ಹೋದ ಲಂಪಟನಿಗೆ ಕಾಣುವುದು ವಿಕಾರವಾದ, ಹಲವು ಪಾಠಗಳಲ್ಲಿ ಕುದುರೆಯಂತಿರುವ, ಮುಖ. ಗ್ವಾಟೆಮಾಲದಲ್ಲೂ ನೆರೆನಾಡುಗಳಲ್ಲೂ ರಾತ್ರಿ ಕುಡಿದು ಬರುವವನ ಹಿಂದೆ ಕಾದೆಹೊ ಎಂಬ ನಾಯಿ ಬರುತ್ತದೆ. ಬಿಳಿಯದಾದರೆ ಕಾಯುತ್ತದೆ, ಕರಿಯದಾದರೆ ಕೆಡಿಸುತ್ತದೆ ಎಂಬುದು ಸಾಮಾನ್ಯವಾದ ನಂಬಿಕೆ.

ಈ ಪಟ್ಟಿಯಲ್ಲಿ ಒಂದು ಸಂಗತಿ ಗಮನಾರ್ಹ. ಪ್ರೇತಕ್ಕೆ ಸಿಕ್ಕುವವರು ಅಡ್ಡಾದಿಡ್ಡಿಯಾಗಿ ಸಿಕ್ಕುವವರಲ್ಲ: ಕುಡುಕ, ಲಂಪಟ, ಕ್ರೂರನಾದ ಬೇಟೆಗಾರ, ಕರ್ತವ್ಯವನ್ನು ಮರೆತ ತಾಯಿತಂದೆಯರ ಮಗು. ಅನಾನ್ಸಿಯ ಕಥೆಯಲ್ಲಿ ಹೊಟ್ಟೆಬಾಕತನ, ಕಾಮ, ಸುಳ್ಳು ಇವು ನಗುವಿನಲ್ಲಿ ಕರಗುತ್ತವೆ. ಪ್ರೇತದ ಕಥೆಯಲ್ಲಿ ಅವೇ ದೋಷಗಳು ವಿಚಾರಣೆಗೆ ಬರುತ್ತವೆ. ತೋಟದ ನ್ಯಾಯಾಲಯ ಒಡೆಯನದು. ಅಲ್ಲಿ ದಾಸರಿಗೆ ನ್ಯಾಯವಿರಲಿಲ್ಲ. ತಮ್ಮತಮ್ಮೊಳಗಿನ ನ್ಯಾಯವನ್ನು ಅವರು ಕಾಡಿಗೂ ಕತ್ತಲಿಗೂ ಒಪ್ಪಿಸಿದಂತೆ ತೋರುತ್ತದೆ.

ಪಾದದ ವಿಚಾರವನ್ನು ಇನ್ನಷ್ಟು ನೋಡಬೇಕು. ಹಿಂದುಮುಂದಾದ ಪಾದ ದುಎನ್‌ಗೆ ಮಾತ್ರ ಸೇರಿದುದಲ್ಲ. ಸಿಗ್ವಾನಾಬಾಳ ಮಗನೆನ್ನಿಸಿದ, ಬೂದಿ ತಿನ್ನುವ ಸಿಪಿತಿಯೊಗೂ ದೊಡ್ಡ ಟೋಪಿ, ತಿರುಗಿದ ಪಾದಗಳಿವೆ. ಡೊಮಿನಿಕನ್ ಗಣರಾಜ್ಯದ ಸಿಗ್ವಾಪಾ ಎಂಬ ಕಾಡುಹೆಂಗಸಿಗೂ ಹಾಗೆಯೇ. ಅಸಾಂಟೆ ಜನರ ಮೊಆಟಿಯಾಗೂ ಪಾದ ಹಿಂದಕ್ಕೆ ತಿರುಗಿದೆಯೆಂದು ರಾಟ್ರೆ ಅವರು ದಾಖಲಿಸಿದ್ದಾರೆ. ನಮ್ಮ ದೇಶದ ಚುಡೈಲಿನ ಲಕ್ಷಣವೂ ಅದೇ. ಇಷ್ಟು ದೂರದೂರದ ನಾಡುಗಳಲ್ಲಿ ಕಾಣುವ ಚಿಹ್ನೆಯಿಂದ ಮೂಲವನ್ನು ನಿರ್ಣಯಿಸ ಹೊರಡುವುದು ಸಾಹಸವಾದೀತು. ಆದರೆ ಚಿಹ್ನೆಯ ಕೆಲಸವೇನೆಂದು ಕೇಳಬಹುದು. ತಿರುಗಿದ ಪಾದದ ಹೆಜ್ಜೆಗುರುತನ್ನು ನಂಬಿ ಅಟ್ಟಿಹೋದವನು ಅಟ್ಟಬೇಕಾದುದರಿಂದ ದೂರ ಹೋಗುತ್ತಾನೆ. ಓಡಿಹೋದ ದಾಸರನ್ನು ಹೆಜ್ಜೆ ಹಿಡಿದು ಬೇಟೆಯಾಡುತ್ತಿದ್ದ ನಾಡಿನಲ್ಲಿ ಇಂತಹ ಪಾದಕ್ಕೆ ಭಯದೊಂದಿಗೆ ಒಂದು ಬಗೆಯ ಆಸೆಯೂ ಅಂಟಿರಬಹುದೆಂದು ಊಹಿಸಬಹುದು. ಅನಾನ್ಸಿ ಬುದ್ಧಿಯಿಂದ ಮಾಡುವ ವಂಚನೆಯನ್ನು ಪ್ರೇತ ತನ್ನ ದೇಹದಿಂದಲೇ ಮಾಡುತ್ತದೆ. ಠಕ್ಕು ಇಬ್ಬರಿಗೂ ಸಮಾನ. ಅದು ಯಾರ ವಿರುದ್ಧ ತಿರುಗುತ್ತದೆಂಬುದರಲ್ಲಿ ಭೇದ.

೫

ಹೀಗೆಂದ ಮಾತ್ರಕ್ಕೆ ಪ್ರೇತಕಥೆಗಳ ನ್ಯಾಯವೆಲ್ಲ ನಿರ್ದುಷ್ಟವೆಂದು ಒಪ್ಪಬೇಕಾಗಿಲ್ಲ. ಸೂಕುಯಾನ್ ಎಂಬವಳು ಊರಿನಂಚಿನಲ್ಲಿ ಒಂಟಿಯಾಗಿರುವ ಮುದುಕಿ. ರಾತ್ರಿ ಚರ್ಮವನ್ನು ಕಳಚಿಟ್ಟು, ನಮ್ಮ ಕೊಳ್ಳಿದೆವ್ವದಂತೆ ಬೆಂಕಿಯ ಉಂಡೆಯಾಗಿ ಹಾರಿ ಜನರ ರಕ್ತ ಹೀರುತ್ತಾಳೆಂದು ನಂಬಿಕೆ. ಅವಳನ್ನು ಸೋಲಿಸುವುದೂ ಠಕ್ಕಿನಿಂದಲೇ: ಮನೆಯ ಮುಂದೆ ಅಕ್ಕಿ ಚೆಲ್ಲಿದರೆ ಒಂದೊಂದು ಕಾಳನ್ನೂ ಎಣಿಸದೆ ಅವಳು ಮುಂದುವರಿಯಲಾರಳು; ಕಳಚಿಟ್ಟ ಚರ್ಮಕ್ಕೆ ಉಪ್ಪು ಸವರಿದರೆ ಮತ್ತೆ ತೊಡಲಾರಳು. ಇಲ್ಲಿ ಸಾಮಾನ್ಯ ಗೃಹಸ್ಥನೇ ಅನಾನ್ಸಿಯಾಗುತ್ತಾನೆ. ಆದರೆ ಅವನ ಎದುರಾಳಿ ಹುಲಿಯಲ್ಲ, ದಿಕ್ಕಿಲ್ಲದ ಮುದುಕಿ. ಸಿಗ್ವಾನಾಬಾ, ಲಾ ಜಾಬ್ಲೆಸ್, ಮಕ್ಕಳನ್ನು ಮುಳುಗಿಸಿ ಅಳುವ ಯೊರೊನಾ ಇವರೆಲ್ಲರೂ ಹೆಂಗಸರೇ. ೧೮೪೫ರಿಂದ ೧೯೧೭ರವರೆಗೆ ಕರಾರಿನ ಕೂಲಿಗಳಾಗಿ ಟ್ರಿನಿಡಾಡಿಗೆ ಹೋದ ಭಾರತೀಯರೊಂದಿಗೆ ಸಾಗಿದ ಚುಡೈಲು ಅಲ್ಲಿ ‘ಚುರಿಲೆ’ಯಾಗಿ ಇದೇ ಸಾಲಿಗೆ ಸೇರಿತು, ಅವಳೂ ಬಸಿರಿಯಾಗಿ ಅಥವಾ ಹೆರಿಗೆಯಲ್ಲಿ ಸತ್ತ ಹೆಣ್ಣು. ಗಂಡಸಿನ ದುರ್ನಡತೆಗೆ ಶಿಕ್ಷೆಯಾಗಬೇಕೆಂದು ಕಥೆ ಒಪ್ಪುತ್ತದೆ, ಆದರೆ ಗೊರಸು ಮೂಡುವುದು ಹೆಣ್ಣಿನ ಕಾಲಿಗೆ. ಠಕ್ಕನ ಕಥೆಯಲ್ಲಿಯೂ ಇದೇ ಪಕ್ಷಪಾತವುಂಟು: ಉಪಾಯ ಹೇಳಿದವಳು ಆಸೋ, ಹೆಸರು ಪಡೆದವನು ಅನಾನ್ಸಿ. ಜನಪದ ಕಥೆಯನ್ನು ಜನತೆಯ ಏಕಕಂಠದ ನುಡಿಯೆಂದು ಹೊಗಳುವ ವಿಮರ್ಶಕನು ಈ ಭಾಗವನ್ನು ಬಿಟ್ಟು ಓದುತ್ತಾನೆ.

೬

ಈ ಎರಡು ಬಗೆಯ ಕಥೆಗಳನ್ನು ಮತ್ತೆ ಒಂದೇ ಅಂಗಳಕ್ಕೆ ತಂದ ಕೃತಿಯೆಂದರೆ ಸೇಂಟ್ ಲೂಸಿಯದ ಡೆರೆಕ್ ವಾಲ್ಕಟ್ ಅವರ ‘ತಿ-ಜಾನ್ ಮತ್ತು ಅವನ ಅಣ್ಣಂದಿರು’ ಎಂಬ ನಾಟಕ. ಅದು ೧೯೫೮ರಲ್ಲಿ ಮೊದಲು ರಂಗವೇರಿತು. ಬಡತಾಯಿಯೊಬ್ಬಳ ಮೂವರು ಮಕ್ಕಳಿಗೆ ಸೈತಾನನು ಪಂಥ ಒಡ್ಡುತ್ತಾನೆ: ತನಗೆ ಕೋಪ ಬರಿಸಿದವನಿಗೆ ಬಹುಮಾನ, ತಾನೇ ಕೋಪಗೊಂಡವನಿಗೆ ಮರಣ. ಪಂಥದ ಸುದ್ದಿಯನ್ನು ತರುವುದು ಬೊಲೊಮ್ ಎಂಬ, ಹುಟ್ಟದೆ ಹೋದ ಶಿಶುವಿನ ಪ್ರೇತ. ಸೈತಾನನು ಕಾಡಿನ ಮುದುಕನಾಗಿ, ಪಾಪಾ ಬ್ವಾನ ರೂಪದಲ್ಲಿ, ಕಾಣಿಸಿಕೊಳ್ಳುತ್ತಾನೆ. ತೋಟದ ಬಿಳಿಯ ಒಡೆಯನಾಗಿಯೂ ಕಾಣಿಸಿಕೊಳ್ಳುತ್ತಾನೆ. ಹಿರಿಯನು ತೋಳಿನ ಬಲವನ್ನು ನಂಬಿ ಸಾಯುತ್ತಾನೆ. ನಡುವಿನವನು ಪುಸ್ತಕದ ಪಾಂಡಿತ್ಯವನ್ನು ನಂಬಿ ಸಾಯುತ್ತಾನೆ. ಕಿರಿಯನಾದ ತಿ-ಜಾನ್ ಒಡೆಯನ ಅಪ್ಪಣೆಯನ್ನು ಪಾಲಿಸುವುದೇ ಇಲ್ಲ. ಕಬ್ಬಿನ ಗದ್ದೆಗೂ ಮನೆಗೂ ಬೆಂಕಿ ಇಡಿಸಿ ಸೈತಾನನ ತಾಳ್ಮೆಯನ್ನು ಕೆಡಿಸುತ್ತಾನೆ.

ಇದು ಅನಾನ್ಸಿಯ ಗೆಲವೇ ಅಲ್ಲವೆ? ಹೌದು, ಆದರೆ ಒಂದು ಭೇದವಿದೆ. ಅಣ್ಣಂದಿರಿಬ್ಬರೂ ಕಾಡಿನ ಕ್ಷುದ್ರಪ್ರಾಣಿಗಳನ್ನು ತಿರಸ್ಕರಿಸಿ ಮುಂದೆ ಹೋದರು. ತಿ-ಜಾನ್ ಅವುಗಳೊಡನೆ ವಿನಯದಿಂದ ಮಾತಾಡಿದನು. ಅಂದರೆ ಪ್ರೇತಕಥೆಯ ಪರೀಕ್ಷೆಯಲ್ಲಿ ತೇರ್ಗಡೆಯಾದ ಬಳಿಕವೇ ಅವನಿಗೆ ಠಕ್ಕನ ಗೆಲವು ಸಲ್ಲುತ್ತದೆ. ಜಿರಲೆಯನ್ನು ಕೋಳಿಗೆ ತೋರಿಸಿಕೊಟ್ಟ ಮೊಲಮಾವನಿಗೂ ಇವನಿಗೂ ಇರುವ ಅಂತರ ಇದೇ. ಕೊನೆಯಲ್ಲಿ ತಿ-ಜಾನ್ ಬೊಲೊಮ್‌ಗೆ ಜೀವ ಕೊಡಬೇಕೆಂದು ಬೇಡಿಕೊಳ್ಳುತ್ತಾನೆ, ಪ್ರೇತ ಶಿಶುವಾಗಿ ಹುಟ್ಟುತ್ತದೆ. ವಾಲ್ಕಟ್ ಅವರು ಜನಪದ ಕಥೆಗೆ ಹೊಸದೇನನ್ನೋ ಹೊರಗಿನಿಂದ ಅಂಟಿಸಿದರೆಂದು ನಾವು ಭಾವಿಸಬೇಕಾಗಿಲ್ಲ. ಸಂಗ್ರಹಕಾರರು ಬೇರ್ಪಡಿಸಿದ್ದನ್ನು ಅವರು ಕೂಡಿಸಿದರು.

ಇಷ್ಟರಿಂದ ತಿಳಿಯಬಹುದಾದುದು ಇದು: ಅನಾನ್ಸಿಯನ್ನು ಬರಿಯ ಬಂಡಾಯಗಾರನೆಂದು ಓದಿದರೆ, ಅವನ ಬಗ್ಗೆ ಅವನ ಜನರೇ ಇಟ್ಟುಕೊಂಡಿದ್ದ ಸಂಶಯವನ್ನು ಅಳಿಸಿದಂತಾಗುತ್ತದೆ. ಅದು ಅವರಿಗೆ ಸಲ್ಲಿಸಿದ ಗೌರವವಲ್ಲ. ದಾಸ್ಯದಲ್ಲಿದ್ದವರಿಗೆ ತಂತ್ರವಿತ್ತು, ಧರ್ಮವಿವೇಚನೆ ಇರಲಿಲ್ಲ ಎಂದಂತೆಯೇ ಸರಿ. ಪ್ರೇತಕಥೆಗಳನ್ನು ಮೌಢ್ಯವೆಂದು ತಳ್ಳಿದರೂ ಅದೇ ತಪ್ಪು ಇನ್ನೊಂದು ಬಾಗಿಲಿನಿಂದ ಒಳಗೆ ಬರುತ್ತದೆ. ಹುಲಿಯ ಎದುರಿನಲ್ಲಿ ಬದುಕುವುದು ಹೇಗೆ ಎಂಬುದನ್ನು ಒಂದು ಬಗೆಯ ಕಥೆ ಕಲಿಸಿತು. ಬದುಕಿಕೊಳ್ಳುವ ಭರದಲ್ಲಿ ತಾನೇ ಹುಲಿಯಾಗಬಾರದೆಂದು ಇನ್ನೊಂದು ಬಗೆ ಎಚ್ಚರಿಸಿತು. ಒಂಬತ್ತನೆಯ ರಾತ್ರಿಯ ಜಾಗರಣೆಯಲ್ಲಿ ಕುಳಿತವರು ಎರಡನ್ನೂ ಕೇಳಿ ಬೆಳಗಿನ ಜಾವ ಮನೆಗೆ ಹೋದರು. ಈ ಕಥೆಗಳನ್ನು ತರಗತಿಯಲ್ಲಿ ಪಾಠ ಹೇಳುವವರೂ ಎರಡನ್ನೂ ಒಟ್ಟಿಗೆ ಎತ್ತಿಕೊಳ್ಳುವುದು ಯುಕ್ತ.